ಮಾವನ ಆಂಪ್ಲಿಫೈಯರ್ ಮತ್ತು ಕಂಜಿರದ ಬಿಲ್ಲೆ

ನನ್ನ ಸೋದರಮಾವನಿಗೆ ಆರೋಗ್ಯದ ಬಗ್ಗೆ ಬಹಳ ಕಾಳಜಿ. ತಮ್ಮದಲ್ಲ, ಆಂಪ್ಲಿಫೈಯರಿನದು! ತಮ್ಮ ಕೆಮ್ಮಿಗೆ ಮೆಣಸಿನ ಕಷಾಯ ಸಾಕು. ಅದು ಸ್ವಲ್ಪ ಗೊರಗೊರ ಎಂದರೆ ಸಯನ್‌ನ ಮನೆಯಿಂದ ಜೋಗೇಶ್ವರಿಯ ಮೆಕ್ಯಾನಿಕ್ ಹತ್ತಿರ ಹೊತ್ತೊಯ್ಯಬೇಕು. ಹೊರುವವನು ನಾನು.

ಬ್ಯಾಂಕಿನಿಂದ ನಿವೃತ್ತರಾದ ತಿಂಗಳೇ ಅವರು ಅದನ್ನು ಗ್ರಾಂಟ್ ರೋಡಿನ ಒಂದು ಮನೆಯಿಂದ ಕೊಂಡರು. ತೀರಿಕೊಂಡ ಅಪ್ಪನ ಸಾಮಾನುಗಳನ್ನು ಮಗ ಖಾಲಿ ಮಾಡುತ್ತಿದ್ದ. ಹದಿನೆಂಟು ಕಿಲೋ, ನನಗಿಂತ ಹಿರಿಯ ವಯಸ್ಸು. ಮಾವ ಅದಕ್ಕೆ ಬಿಳೀ ಚಾದರ ಸುತ್ತಿದರು. ದಾದರಿನಲ್ಲಿ ಲೋಕಲ್ ರೈಲಿನ ಲೈನ್ ಬದಲಿಸಲು ಇಬ್ಬರೂ ಹೊತ್ತು ಸೇತುವೆ ಹತ್ತಿದಾಗ, ಮುದುಕರೊಬ್ಬರು ಪಕ್ಕಕ್ಕೆ ಸರಿದು ಕೈಮುಗಿದರು. ದೇವರೆಂದುಕೊಂಡರೋ, ಹೆಣವೆಂದುಕೊಂಡರೋ? ಮಾವ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಒಂದು ವರ್ಷ ಹಳೇ ಸಂಗೀತ ಕಚೇರಿಗಳ ರೆಕಾರ್ಡು ಕೇಳುತ್ತ ಸುಖವಾಗಿತ್ತು. ಆಮೇಲೆ ಮಾವನ ದೂರು ಶುರುವಾಯಿತು.

"ಕಂಜಿರದ ಬಿಲ್ಲೆ ಕೇಳಿಸ್ತಿಲ್ಲ ಕಣೋ. ಹೋದ ವರ್ಷ ಝಣ್ ಅಂತಿತ್ತು. ಇದರಲ್ಲೇ ಏನೋ ಕೆಟ್ಟಿದೆ."

ಕೆಪ್ಯಾಸಿಟರುಗಳು ಬದಲಾದವು. ಆ ಪುಟ್ಟ ಚರ್ಮವಾದ್ಯದ ಅಂಚಿನ ಲೋಹದ ಬಿಲ್ಲೆ ಮಾತ್ರ ಕೇಳಿಸಲಿಲ್ಲ. ಟೋನ್ ಬೋರ್ಡ್, ಟ್ರಾನ್ಸ್‌ಫಾರ್ಮರ್, ಕೊನೆಗೆ ಸ್ಪೀಕರುಗಳೂ ಬದಲಾದವು. ಬದಲಾಗದೆ ಉಳಿದ ಹಳೇ ಪಾರ್ಟು ಎಂದರೆ ನನ್ನ ಸೊಂಟ.

ಇದರ ನಡುವೆ ಅತ್ತೆಯೂ ಬದಲಾದರು. ಎದುರು ಕೂತರೂ ಅರ್ಧ ಮಾತು ಕೇಳದಷ್ಟು ಮೆತ್ತಗಿನ ದನಿ ಅವರದು. ಈಗ "ಕಾಫಿ ಆರ್ತಿದೆ" ಎಂದರೆ ಕೆಳಗೆ ವಾಚ್‌ಮನ್ ಎದ್ದು ನಿಲ್ಲುತ್ತಾನೆ. ಪಕ್ಕದ ಮನೆಯ ಮರಾಠಿ ಹೆಂಗಸು ಒಂದು ದಿನ ಲಿಫ್ಟಿನಲ್ಲಿ ನನ್ನನ್ನು ಹಿಡಿದು, ಮಾವ ಅತ್ತೆ ದಿನಾ ಯಾಕೆ ಜಗಳ ಆಡುತ್ತಾರೆಂದು ವಿಚಾರಿಸಿದರು. ನಾನು ಅತ್ತೆಯನ್ನೇ ಕೇಳಿದೆ. ಅವರು ಅಡುಗೆಮನೆಗೆ ಕರೆದು, ಹಳೆಯ ದನಿಯಲ್ಲಿ ಹೇಳಿದರು:

"ಕೆಟ್ಟಿರೋದು ಅವರ ಕಿವಿ ಕಣೋ. ನೀನು ಬಾಯಿ ಬಿಡಬೇಡ. ನಿಮ್ಮ ತಾತ, ಇವರಪ್ಪ, ಕಿವುಡಾದ ಮೇಲೆ ಮನೇಲಿ ಯಾರಾದ್ರೂ ಅವರ ಹತ್ರ ಮಾತಾಡಿದ್ರಾ? ಹನ್ನೆರಡು ವರ್ಷ ಒಂದೇ ಕುರ್ಚೀಲಿ ಸುಮ್ಮನೆ ಕೂತಿದ್ದು ಹೋದ್ರು. ಇವರಿಗೆ ಅದೇ ಭಯ."

ನನಗೆ ನೆನಪಿದೆ. ತಾತನ ಬೆನ್ನ ಹಿಂದೆ ನಿಂತು ಬೈದು, ಅವರು ತಿರುಗದಿದ್ದಾಗ ನಗುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ. ಅದನ್ನು ಈಗ ಯಾರ ಹತ್ತಿರ ಹೇಳಿಕೊಳ್ಳಲಿ?

ಹೀಗಾಗಿ ಹೋದ ತಿಂಗಳು ಮತ್ತೆ ಬಾಯಿ ಮುಚ್ಚಿಕೊಂಡು ಹೊತ್ತೆ. ಜೋಗೇಶ್ವರಿಯ ಮೆಕ್ಯಾನಿಕ್ ವಿಜಯಪುರದ ಕಡೆಯವನು, ಸುಳ್ಳು ಹೇಳಲು ಬಾರದ ಮನುಷ್ಯ. ಇಷ್ಟು ದಿನ ಮಾವ ಹೇಳಿದ ಪಾರ್ಟು ಬದಲಿಸುತ್ತಿದ್ದವನು ಈ ಸಲ ತಾನೇ ರೆಕಾರ್ಡ್ ಹಾಕಿ ಕೇಳಿದ, ಮತ್ತೊಮ್ಮೆ ಹಾಕಿ ಕೇಳಿದ. ಆಮೇಲೆ ಮಾವನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದ:

"ಸಾಹೇಬ್ರ, ಇದರಾಗ ಏನೂ ಕೆಟ್ಟಿಲ್ರೀ. ಬಿಲ್ಲಿ ಝಣ್ ಅನ್ನಾಕತ್ತಾವು. ನನಗ ಕೇಳಸ್ತಾವು, ನಿಮ್ಮ ಅಳಿಯಾಗೂ ಕೇಳಸ್ತಾವು. ಇನ್ನ ಇದನ್ನ ನಾ ಬಿಚ್ಚೂದಿಲ್ರೀ."

ಮಾವ ನನ್ನ ಕಡೆ ತಿರುಗಿದರು. "ನಿನಗೆ ಕೇಳಿಸ್ತಿದೆಯೇನೋ?"

ನಾನು ನೆಲ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು.

ಹಿಂದಕ್ಕೆ ಬರುವಾಗ ಟ್ಯಾಕ್ಸಿಯಲ್ಲಿ ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು, ನನಗೆ ಕೊಡಲಿಲ್ಲ. ಸಯನ್ ಬರುವವರೆಗೆ ಕಿಟಕಿಯಾಚೆಯೇ ನೋಡುತ್ತಿದ್ದರು. ತಾತನ ಕುರ್ಚಿಯೇ ಕಣ್ಣ ಮುಂದೆ ಬಂದು ನನಗೆ ಹೆದರಿಕೆಯಾಯಿತು.

ಬಾಗಿಲು ತೆರೆದ ಅತ್ತೆ ಎಂದಿನಂತೆ ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ, "ಸರಿಹೋಯ್ತಾ?" ಎಂದು ಕೂಗಿದರು. ಕೂಗಿ ಕೂಗಿ ಅವರ ಗಂಟಲು ಒಡೆದುಹೋಗಿದ್ದು ನಾನು ಗಮನಿಸಿದ್ದು ಆವತ್ತೇ.

ಮಾವ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಚಾದರ ತೆಗೆದು ಮಡಚಿದರು. ವೈರು ಜೋಡಿಸಲಿಲ್ಲ. ಗೋಡೆಯ ಕಡೆಗಿದ್ದ ಅತ್ತೆಯ ಕುರ್ಚಿಯನ್ನು ಎಳೆದು ತಂದು, ತಮ್ಮ ಕುರ್ಚಿಗೆ ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿದರು.

"ಇನ್ಮೇಲೆ ಕೂಗಬೇಡ ಕಣೇ, ಗಂಟಲು ನೋಯತ್ತೆ," ಎಂದರು. "ಇಲ್ಲಿ ಕೂತ್ಕೊಂಡು ಮೆತ್ತಗೆ ಹೇಳು, ಮೊದಲಿನ ಥರ. ನಾನು ನಿನ್ನ ಬಾಯಿ ನೋಡ್ತಾ ಇರ್ತೀನಿ."