ಹಗ್ಗ ಹಿಡಿದವರ ಪಾಲು

ನಾನು ಜಿಪುಣನಲ್ಲ. ಹೀಗೆ ಮಾತು ಶುರುಮಾಡುವವರನ್ನು ಯಾರೂ ನಂಬುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಮದುವೆಗೆ ಹೋದರೆ ಉಡುಗೊರೆ ಕೊಡುತ್ತೇನೆ, ಯಕ್ಷಗಾನದ ಆಟಕ್ಕೆ ಚಂದಾ ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತೇನೆ. ನನ್ನ ತೊಂದರೆ ಇರುವುದು ಒಂದೇ ಕಡೆ. ಮನೆಗೆ ದೊಡ್ಡ ಸಾಮಾನು ಹೊತ್ತು ತಂದವರು ಅದನ್ನು ಇಳಿಸಿ, ಸೊಂಟ ನೆಟ್ಟಗೆ ಮಾಡಿ, ಇನ್ನು ಬರುತ್ತೇವೆ ಎಂದು ಹೇಳುವುದಕ್ಕೂ ನಿಜವಾಗಿ ಹೊರಡುವುದಕ್ಕೂ ನಡುವೆ ಒಂದು ಸಣ್ಣ ಗಳಿಗೆ ಇರುತ್ತದಲ್ಲ, ಆ ಗಳಿಗೆಯಲ್ಲಿ ನನ್ನ ಕೈಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಹೋಟೆಲಿನಲ್ಲಾದರೆ ಬಡೇಸೋಪಿನ ತಟ್ಟೆ ಬರುತ್ತದೆ; ಅದರಲ್ಲಿ ಚಿಲ್ಲರೆ ಬಿಟ್ಟು ಎದ್ದು ಬಂದರಾಯಿತು, ಕೊಟ್ಟವನೂ ತೆಗೆದುಕೊಂಡವನೂ ಮುಖ ನೋಡಿಕೊಳ್ಳಬೇಕಾಗಿಲ್ಲ. ಮನೆಯ ಲೆಕ್ಕವೇ ಬೇರೆ. ಬಂದವರು ನಮ್ಮ ಜಗುಲಿಯಲ್ಲಿ ಕೂತು, ನಮ್ಮ ತಂಬಿಗೆಯ ನೀರು ಕುಡಿದು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡಿರುತ್ತಾರೆ. ಅಷ್ಟು ಹೊತ್ತಿಗೆ ಅವರು ನೆಂಟರಾಗಿಬಿಟ್ಟಿರುತ್ತಾರೆ. ನೆಂಟರ ಕೈಗೆ ದುಡ್ಡು ತುರುಕುವುದು ಹೇಗೆ? ತುರುಕದೆ ಕಳಿಸುವುದಾದರೂ ಹೇಗೆ?

ಈ ರೋಗ ನನಗೆ ಅಂಟಿದ್ದು ಕುಮಟೆಯಲ್ಲಿ. ಅಲ್ಲಿನ ಹೈಸ್ಕೂಲಿಗೆ ಮಾಸ್ತರನಾಗಿ ಸೇರಿದ ಹೊಸದರಲ್ಲಿ ಒಂದು ಟಿವಿ ಕೊಂಡಿದ್ದೆ. ಅದನ್ನು ಹೆಗಲ ಮೇಲೆ ಹೊತ್ತು ತಂದ ಗೃಹಸ್ಥರು ಮಾಡು ಹತ್ತಿ ಆಂಟೆನಾ ಕಟ್ಟಿ, ಚಿತ್ರ ನಿಚ್ಚಳವಾಗುವವರೆಗೆ ಅರ್ಧ ತಾಸು ಅದನ್ನು ತಿರುಗಿಸಿ, ಮೈತುಂಬ ಧೂಳಾಗಿ ಇಳಿದು ಬಂದರು. ಐದು ರೂಪಾಯಿಯ ನೋಟನ್ನು ಅವರ ಅಂಗೈಯಲ್ಲಿಟ್ಟು, ಚಹಾ ಕುಡಿಯಿರಿ ಎಂದೆ. ಅವರು ನೋಟನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಆಳು ಬಾರದ ದಿನವಾದ್ದರಿಂದ ಅಂಗಡಿಯ ಯಜಮಾನರೇ ಖುದ್ದಾಗಿ ಬಂದಿದ್ದರು ಎಂದು ನನಗೆ ತಿಳಿದದ್ದು ಮರುವಾರ. ಅವರ ಮೇಜಿನ ಗಾಜಿನಡಿಯಲ್ಲಿ ನನ್ನ ನೋಟು ಇತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, ಜೀವಮಾನದಲ್ಲಿ ಬೇರೆಯವರ ಕೈಯಿಂದ ಪಡೆದ ಮೊದಲ ಸಂಬಳ, ಮಾಸ್ತರರು ಕೊಟ್ಟದ್ದು ಎಂದು ಹೇಳುತ್ತಿದ್ದರಂತೆ. ಕುಮಟೆ ಬಿಡುವವರೆಗೂ ನಾನು ಆ ರಸ್ತೆಯಲ್ಲಿ ಕೊಡೆ ಅಡ್ಡ ಹಿಡಿದೇ ಓಡಾಡಿದ್ದು.

ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ, ಮುಂದಿನ ಸಲ ನಾನು ಕೈಯನ್ನು ಜೇಬಿನ ಹತ್ತಿರವೇ ಬಿಡಲಿಲ್ಲ. ಅದು ಕಬ್ಬಿಣದ ಕಪಾಟು ಬಂದ ದಿನ. ನನಗೆ ಹೊನ್ನಾವರಕ್ಕೆ ವರ್ಗವಾಗಿತ್ತು. ಏಪ್ರಿಲ್ ತಿಂಗಳ ಬಿಸಿಲು. ಇಬ್ಬರು ಅದನ್ನು ಹೊತ್ತು ತಂದು ಒಳಕೋಣೆಯಲ್ಲಿ ನಿಲ್ಲಿಸಿದರು. ಗೋಡೆಗೆ ತಾಗೀತು, ಬಾಗಿಲಿಗೆ ಉಜ್ಜೀತು ಎಂದು ನಾನು ಬಾಯಲ್ಲಿ ಮಾತ್ರ ದುಡಿದೆ. ಲಲಿತೆ, ಅಂದರೆ ನನ್ನ ಹೆಂಡತಿ, ಮಜ್ಜಿಗೆ ಕೊಟ್ಟಳು. ಇಬ್ಬರಲ್ಲಿ ಒಬ್ಬ ಹೋಗಿ ಗಾಡಿ ಹತ್ತಿದ. ಇನ್ನೊಬ್ಬ ಗೇಟಿನ ಹತ್ತಿರ ನಿಂತು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದ. ಮುಖ ಒರೆಸಿದ. ಮತ್ತೆ ಕೊಡವಿದ. ಒಮ್ಮೆ ನನ್ನ ಕಡೆ ನೋಡಿ ಹೋದ. ಅಷ್ಟೇ ಆದದ್ದು. ಆದರೆ ಆ ಟವೆಲ್ ನನ್ನ ತಲೆಯೊಳಗೆ ವರ್ಷಗಟ್ಟಲೆ ಕೊಡವಿಕೊಳ್ಳುತ್ತಲೇ ಇತ್ತು. ಅವನ ಮನೆಯಲ್ಲಿ ಮಕ್ಕಳಿದ್ದರೋ ಏನೋ, ಬರುವಾಗ ಏನಾದರೂ ತರುತ್ತೇನೆ ಎಂದು ಹೇಳಿ ಬಂದಿದ್ದನೋ ಏನೋ. ಕಪಾಟಿನ ಬಾಗಿಲು ತೆರೆದಾಗಲೆಲ್ಲ ನನಗೆ ಅವನ ನೆನಪು. ಬರಬರುತ್ತಾ ನಾನು ಅಂಗಿಗಳನ್ನು ಹೊರಗೆ ಮೊಳೆಗೇ ನೇತುಹಾಕತೊಡಗಿದೆ. ಲಲಿತೆ ಅದನ್ನು ನನ್ನ ಆಲಸ್ಯದ ಖಾತೆಗೆ ಸೇರಿಸಿದಳು.

ಹೀಗಿರುವಾಗ ನಮ್ಮ ಮನೆಗೆ ಫ್ರಿಜ್ ಬರುವುದೆಂದು ನಿಶ್ಚಯವಾಯಿತು. ಹಳೆಯ ಶತಮಾನಕ್ಕೆ ಇನ್ನೊಂದೆರಡು ವರ್ಷ ಬಾಕಿ ಇದ್ದ ಕಾಲ. ಆಷಾಢದಲ್ಲಿ ದರ ಇಳಿಸುತ್ತಾರೆಂದು ಭಟ್ಕಳದ ಅಂಗಡಿಯೊಂದರಲ್ಲಿ ಗೊತ್ತುಮಾಡಿ ಬಂದೆವು. ಲಲಿತೆಗೆ ಫ್ರಿಜ್ ಎಲ್ಲಿಡುವುದು ಎಂಬ ಚಿಂತೆ, ನನಗೆ ತಂದವರಿಗೆ ಏನು ಕೊಡುವುದು ಎಂಬ ಚಿಂತೆ. ಈ ಸಲ ಯಾರ ಮನಸ್ಸನ್ನೂ ನೋಯಿಸಬಾರದು, ಕೊಟ್ಟೂ ನೋಯಿಸಬಾರದು, ಕೊಡದೆಯೂ ನೋಯಿಸಬಾರದು ಎಂದು ಪಣ ತೊಟ್ಟಿದ್ದೆ. ನೋಟನ್ನು ಬರಿಗೈಯಲ್ಲಿ ಕೊಟ್ಟರೆ ಭಿಕ್ಷೆ ಹಾಕಿದ ಹಾಗಾದೀತು. ಲಕೋಟೆಯಲ್ಲಿಟ್ಟು, ಮೇಲೊಂದು ರೂಪಾಯಿ ಸೇರಿಸಿ ಕೊಟ್ಟರೆ ಮರ್ಯಾದೆ ಎನಿಸೀತು. ನೂರಾಒಂದು ರೂಪಾಯಿ ಸಿದ್ಧವಾಯಿತು, ಲಕೋಟೆ ಮಾತ್ರ ಸಿಗಲಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಸಿಕ್ಕಿದ್ದು ಒಂದೇ, ಗಣಪತಿಯ ಚಿತ್ರವಿದ್ದು ಕೆಳಗೆ ‘ಶುಭವಿವಾಹ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾದದ್ದು. ಅದನ್ನೇ ಜೇಬಿನಲ್ಲಿಟ್ಟುಕೊಂಡೆ.

ನಮ್ಮ ಮನೆ ಇರುವುದು ಗುಡ್ಡದ ಬಗಲಲ್ಲಿ, ರಸ್ತೆಯಿಂದ ಇಪ್ಪತ್ತೆಂಟು ಚಿರೆಕಲ್ಲಿನ ಮೆಟ್ಟಿಲು ಮೇಲೆ. ಟೆಂಪೋದಿಂದ ಇಳಿದ ನಾಲ್ವರೂ ಒಮ್ಮೆ ಮೆಟ್ಟಿಲುಗಳನ್ನೂ ಒಮ್ಮೆ ಆಕಾಶವನ್ನೂ ನೋಡಿದರು. ಮಳೆ ಅದೇ ತಾನೆ ಬಿಟ್ಟಿತ್ತು, ಕಲ್ಲಿನ ಮೇಲೆ ಪಾಚಿ. ಅವರಲ್ಲಿ ಹಿರಿಯ ಜಟ್ಟಪ್ಪ. ವಯಸ್ಸು ಐವತ್ತೈದು ದಾಟಿರಬೇಕು. ಬೆಳಕೆ ಊರಿನವನು, ಬೋಟಿನ ತಾಂಡೇಲ, ಅಂದರೆ ಬೋಟಿನವರಿಗೆಲ್ಲ ಯಜಮಾನ. ಜೊತೆಯ ಇಬ್ಬರು ಅವನ ಬೋಟಿನವರೇ, ನಾಲ್ಕನೆಯವ ಡ್ರೈವರ್. ಮಳೆಗಾಲದಲ್ಲಿ ಬೋಟು ದಡ ಹತ್ತಿದ ಮೇಲೆ ಈ ಮೂವರೂ ಭಟ್ಕಳದ ಅಂಗಡಿಯ ಸಾಮಾನು ಸಾಗಿಸುತ್ತಿದ್ದರಂತೆ. ಬೋಟು ದಡದಲ್ಲಿದ್ದರೂ ಜಟ್ಟಪ್ಪನ ತಾಂಡೇಲತನ ದಡ ಹತ್ತಿರಲಿಲ್ಲ. ಫ್ರಿಜ್ಜನ್ನು ಹೊರುವುದು ಬೇಡ, ಎಳೆಯುವುದೇ ಸೈ ಎಂದು ಅವನು ಹೇಳಿದ್ದಕ್ಕೆ ಯಾರೂ ಎದುರಾಡಲಿಲ್ಲ. ಮೆಟ್ಟಿಲ ಮೇಲೆ ಹಲಗೆ ಹಾಸಿದರು. ಕೈ ಹೆಬ್ಬೆರಳಿನಷ್ಟು ದಪ್ಪದ ಬಲೆಯ ಹಗ್ಗವನ್ನು ಫ್ರಿಜ್ಜಿನ ಪೆಟ್ಟಿಗೆಗೆ ಸುತ್ತಿ ಕಟ್ಟಿದರು. ಜಟ್ಟಪ್ಪನೂ ಇನ್ನೊಬ್ಬನೂ ಕೆಳಗಿನಿಂದ ಒತ್ತುವುದು, ಇಬ್ಬರು ಮೇಲಿನಿಂದ ಎಳೆಯುವುದು. ಮೇಲೆ ಕೈ ಸಾಲದೆಂದು ಅವನು ನನ್ನ ಕಡೆ ತಿರುಗಿದ.

“ಮಾಸ್ತರ್ರೆ, ಸುಮ್ನೆ ಎಂತಕ್ಕೆ ನಿಂತಿರಿ? ಹಗ್ಗ ಹಿಡೀರಿ.”

ಹೈಸ್ಕೂಲಿನಲ್ಲಿ ನಾನು ಹುಡುಗರಿಗೆ ಹೇಳುವ ಧಾಟಿಯಲ್ಲೇ ಹೇಳಿದ್ದರಿಂದ ತಕ್ಷಣ ಹಿಡಿದೆ. ಲಲಿತೆ ಯಾರೂ ಹೇಳದೆಯೇ ಸೆರಗು ಸಿಕ್ಕಿಸಿ ನನ್ನ ಹಿಂದೆ ಬಂದು ನಿಂತಿದ್ದಳು. ಜಟ್ಟಪ್ಪ ಕೆಳಗಿನಿಂದ ಐಸಾ ಎನ್ನುವುದು, ನಾವೆಲ್ಲ ಒಟ್ಟಿಗೆ ಜಗ್ಗುವುದು, ಫ್ರಿಜ್ಜು ಒಂದು ಮೆಟ್ಟಿಲು ಏರುವುದು. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು. ಹತ್ತನೆಯ ಮೆಟ್ಟಿಲ ಹೊತ್ತಿಗೆ ನಾನೂ ದೊಡ್ಡ ದನಿಯಲ್ಲಿ ಐಸಾ ಎನ್ನತೊಡಗಿದ್ದೆ. ಹತ್ತೊಂಬತ್ತನೆಯದಕ್ಕೆ ಬಂದಾಗ ನನ್ನ ಲುಂಗಿ ಸಡಿಲವಾಯಿತು. ಮನುಷ್ಯನಿಗೆ ಇರುವುದು ಎರಡೇ ಕೈ. ಫ್ರಿಜ್ಜೋ ಮಾನವೋ ಎಂದು ಯೋಚಿಸುವಷ್ಟು ವ್ಯವಧಾನವಿರಲಿಲ್ಲ. ಎರಡೂ ಕೈ ತಾವಾಗಿಯೇ ಹಗ್ಗ ಬಿಟ್ಟು ಲುಂಗಿ ಹಿಡಿದವು. ಫ್ರಿಜ್ಜು ಗರ್ರನೆ ಒಂದು ಮೆಟ್ಟಿಲು ಕೆಳಗೆ ಜಾರಿತು. ಕೆಳಗೆ ಜಟ್ಟಪ್ಪ ಹೆಗಲು ಕೊಟ್ಟು, ಹಲ್ಲು ಕಚ್ಚಿ ತಡೆದ. ಮೇಲೆ ಲಲಿತೆ ಹಿಮ್ಮಡಿ ಊರಿ ಹಗ್ಗ ಬಿಗಿಹಿಡಿದಿದ್ದಳು. ಜಟ್ಟಪ್ಪನಿಗೆ ಏನಾದರೂ ಆಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ನೆನೆಯುತ್ತೇನೆ. ಅವನು ಮಾತ್ರ ಉಸಿರು ಎಳೆದುಕೊಂಡು ಮತ್ತೆ ಐಸಾ ಎಂದ. ಉಳಿದ ಮೆಟ್ಟಿಲುಗಳನ್ನು ನಾನು ಲುಂಗಿಯ ಗಂಟು ಹಿಡಿದು ಪಕ್ಕದಲ್ಲಿ ನಡೆದೆ.

ಫ್ರಿಜ್ಜು ಅಡಿಗೆಮನೆಯಲ್ಲಿ ನಿಂತಿತು. ಎಲ್ಲರೂ ಜಗುಲಿಯಲ್ಲಿ ಕೂತು ಚಹಾ ಕುಡಿದರು, ಅವಲಕ್ಕಿ ತಿಂದರು. ಜಟ್ಟಪ್ಪನ ಹೆಗಲು ಕೆಂಪಗೆ ಕಂದಿತ್ತು. ಲಲಿತೆ ಅದಕ್ಕೆ ಎಣ್ಣೆ ಕಾಯಿಸಿ ತಂದುಕೊಟ್ಟಳು. ಆಮೇಲೆ ನಾನು ಹೆದರುತ್ತಿದ್ದ ಆ ಗಳಿಗೆ ಬಂತು. ಎರಡೂ ಕೈಯಲ್ಲಿ ಲಕೋಟೆ ಹಿಡಿದು, ಬಗ್ಗಿ, ಅವನ ಕೈಗೆ ಕೊಟ್ಟೆ. ಅವನು ಲಕೋಟೆಯನ್ನು ತಿರುಗಿಸಿ ನೋಡಿ, ಇದು ಯಾರ ಮದುವೆಯದು ಎಂದು ವಿಚಾರಿಸಿದ. ಮನೆಯಲ್ಲಿ ಸಿಕ್ಕಿದ್ದು ಇದೊಂದೇ ಎಂದೆ. ಅವನು ಗಣಪತಿಗೆ ಕೈಮುಗಿದು ಒಡೆದು, ಡ್ರೈವರನ ಹತ್ತಿರ ನೋಟು ಮುರಿಸಿ, ಚಿಲ್ಲರೆಯನ್ನು ಜಗುಲಿಯ ಮೇಲೆ ಸಾಲಾಗಿ ಗುಡ್ಡೆ ಮಾಡತೊಡಗಿದ. ನಾಲ್ಕು ಗುಡ್ಡೆ ಅವರಿಗೆ. ಐದನೆಯದು ಹಗ್ಗಕ್ಕೆ, ಹಗ್ಗ ಅವನ ಅಣ್ಣನದಂತೆ. ಟೆಂಪೋ ಸಾಹುಕಾರರದಾದ್ದರಿಂದ ಅದಕ್ಕೆ ಏನೂ ಇಲ್ಲ. ಆರನೆಯ ಗುಡ್ಡೆಯನ್ನು ಲಲಿತೆಯ ಕಡೆ ಸರಿಸಿದ. ಆಮೇಲೆ ಸ್ವಲ್ಪ ಯೋಚಿಸಿ, ಅದರರ್ಧದಷ್ಟು ಎಣಿಸಿ ನನ್ನ ಮುಂದಿಟ್ಟ. ಲಲಿತೆಗೆ ಹದಿನೈದು ರೂಪಾಯಿ, ನನಗೆ ಏಳೂವರೆ. ಮಿಕ್ಕ ಮೂರೂವರೆಯನ್ನು ಇಡಗುಂಜಿ ಗಣಪತಿಗೆಂದು ಟವೆಲ್ಲಿನ ತುದಿಗೆ ಕಟ್ಟಿಕೊಂಡ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೊಟ್ಟದ್ದನ್ನು ಹಿಂದಕ್ಕೆ ಕೊಡುತ್ತಿದ್ದಾನೆ, ಅಂದರೆ ಈ ಸಲವೂ ನೋಯಿಸಿದೆ ಎಂದೇ ತಿಳಿದೆ. ಬೇಡ ಬೇಡ, ಇದು ನಿಮಗೆ ಕೊಟ್ಟದ್ದು ಎಂದು ಗುಡ್ಡೆಯನ್ನು ಅತ್ತ ತಳ್ಳಿದೆ. ಅವನು ಇತ್ತ ತಳ್ಳಿದ.

“ಬ್ಯಾಡ ಅನ್ನೂಕಾಗ ಮಾಸ್ತರ್ರೆ. ರಂಪಣಿ ಎಳಿವಾಗ ಹಾದೀಲಿ ಹೋಗೋರು ಹಗ್ಗಕ್ಕೆ ಕೈ ಹಾಕ್ರೂ ನಾಕು ಮೀನು ಕೊಟ್ಟೇ ಕಳ್ಸೂದು. ಹಗ್ಗ ಹಿಡ್ದೋರು ಪಾಲು ಬಿಟ್ಟು ಹೋದ್ರೆ ನಾಳೆ ಬಲೆ ಖಾಲಿ ಬತ್ತದೆ.”

ದಡದಲ್ಲಿ ನಿಂತು ಊರವರೆಲ್ಲ ಸೇರಿ ಎಳೆಯುವ ಆ ಉದ್ದನೆಯ ರಂಪಣಿ ಬಲೆಯನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ, ದೂರ ನಿಂತು. ಎಂದೂ ಹಗ್ಗ ಹಿಡಿದವನಲ್ಲ. ನನ್ನದು ಅರ್ಧ ಏಕೆ ಎಂದು ನಾನು ಕೇಳಲಿಲ್ಲ. ಅವನೇ ಮೆಲ್ಲಗೆ, ಬೇಜಾರು ಮಾಡಬಾರದು, ಹತ್ತೊಂಬತ್ತನೇ ಮೆಟ್ಟಿಲಿನವರೆಗೆ ಮಾಸ್ತರರು ಚೆನ್ನಾಗಿಯೇ ಎಳೆದರು ಎಂದ. ಲಲಿತೆ ತನ್ನ ಹದಿನೈದು ರೂಪಾಯಿಯನ್ನು ಸೆರಗಿಗೆ ಕಟ್ಟಿಕೊಂಡು, ಹುಟ್ಟಿದಾಗಿನಿಂದ ಕೂಲಿ ಮಾಡಿ ಗೊತ್ತಿರುವವಳ ಹಾಗೆ ನಿರಾಳವಾಗಿ ಒಳಗೆ ಹೋದಳು. ನಾನು ಏಳೂವರೆ ರೂಪಾಯಿಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ತಿಂಗಳ ಸಂಬಳವನ್ನು ಎಷ್ಟೋ ವರ್ಷ ಎಣಿಸಿ ತಂದಿದ್ದೇನೆ. ಆ ಚಿಲ್ಲರೆಯನ್ನು ಎಣಿಸಿದಷ್ಟು ಸಲ ಯಾವ ಸಂಬಳವನ್ನೂ ಎಣಿಸಿದ್ದಿಲ್ಲ.

ಆ ಸಲುಗೆಯಲ್ಲಿ, ಮೆಟ್ಟಿಲಿಳಿಯುವಾಗ, ಜಟ್ಟಪ್ಪನಿಗೆ ಕಪಾಟಿನವನ ಸಂಗತಿ ಹೇಳಿಬಿಟ್ಟೆ. ಅಂದಿನಿಂದ ಅನ್ನ ಸರಿಯಾಗಿ ಸೇರುತ್ತಿಲ್ಲ ಎಂದು ತುಸು ಹೆಚ್ಚಿಗೆಯೇ ಹೇಳಿದೆ. ಅವನು ಪೂರ್ತಿ ಕೇಳಿ, ಯಾವ ತಿಂಗಳು ಎಂದು ಕೇಳಿದ. ಏಪ್ರಿಲ್ ಎಂದೆ.

“ಮತ್ತೆಂತ? ಬೆವರು ಬಂದಿರ್ತದೆ, ಒರಸ್ಕಂಡ. ಆತು.”

ಅಷ್ಟು ಹೇಳಿ ಅವನು ಟೆಂಪೋ ಹತ್ತಿದ. ಏಳು ವರ್ಷ ನಾನು ಬೆಳೆಸಿಕೊಂಡು ಬಂದಿದ್ದ ಪಾಪಪ್ರಜ್ಞೆಯನ್ನು ಒಂದು ಏಪ್ರಿಲ್ ತಿಂಗಳು ನುಂಗಿತು. ಅವನು ನನ್ನ ಸಮಾಧಾನಕ್ಕೆ ಹಾಗೆ ಹೇಳಿದನೋ, ನಿಜವಾಗಿ ಹಾಗೆಯೇ ತಿಳಿದನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಂಗಿಗಳನ್ನು ಮಾತ್ರ ಮತ್ತೆ ಕಪಾಟಿನೊಳಗೆ ಇಡತೊಡಗಿದೆ. ಲಲಿತೆ ತನ್ನ ಪಾಲಿನಲ್ಲಿ ಒಣಬಂಗಡೆ ತಂದಳು. ನನ್ನ ಪಾಲು ಪೆನ್ನಿನ ಡಬ್ಬಿಯಲ್ಲಿ ಹಾಗೆಯೇ ಇದೆ.

ಇದಾಗಿ ಎಂಟೊಂಬತ್ತು ವರ್ಷಗಳ ಮೇಲೆ ಬಟ್ಟೆ ಒಗೆಯುವ ಯಂತ್ರ ಬಂತು. ಅಷ್ಟರಲ್ಲಿ ನಮ್ಮ ಮನೆಯ ಹಿಂಬದಿಗೆ ರಸ್ತೆಯಾಗಿತ್ತು. ಡಿಸೆಂಬರಿನ ಬೆಳಿಗ್ಗೆ, ಇಬ್ಬರು ಒಂದೇ ಬಣ್ಣದ ಅಂಗಿ ತೊಟ್ಟು, ಚಕ್ರದ ಹಲಗೆಯ ಮೇಲೆ ಅದನ್ನು ತಳ್ಳಿಕೊಂಡು ಬಂದರು. ನಾನು ಲುಂಗಿಯ ಮೇಲೆ ಬೆಲ್ಟು ಬಿಗಿದುಕೊಂಡು ಕಾಯುತ್ತಿದ್ದೆ. ಓಡಿಹೋಗಿ ಪೆಟ್ಟಿಗೆಗೆ ಕೈ ಹಾಕಿದರೆ, ಮುಟ್ಟಬೇಡಿ ಸರ್, ನಾವೇ ಇಡಬೇಕು ಎಂದು ಒಬ್ಬ ಬಹಳ ವಿನಯದಿಂದ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ. ಆದರೂ ಹಿಂದಿನಿಂದ ಎರಡು ಬೆರಳು ತಾಗಿಸಿಕೊಂಡೇ ನಡೆದೆ. ಯಂತ್ರ ಕೂರಿಸಿ, ನನ್ನ ಸಹಿ ಹಾಕಿಸಿಕೊಂಡರು. ನೋಟು ಕೊಟ್ಟೆ, ಈಗ ಅದಕ್ಕೆ ಲಕೋಟೆ ಹುಡುಕುವುದಿಲ್ಲ. ಥ್ಯಾಂಕ್ಸ್ ಸರ್ ಎಂದು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದರು. ಗಾಡಿ ಶುರುವಾಯಿತು, ತಿರುಗಿತು, ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಲಲಿತೆ ಒಳಗಿನಿಂದ ಬಂದು, ಗೇಟಿನ ಹತ್ತಿರ ಒಬ್ಬರೇ ಎಂತ ಮಾಡುತ್ತಿದ್ದೀರಿ ಎಂದು ಕೇಳಿದಳು. ಆಗ ನೋಡಿಕೊಂಡರೆ ಹೆಗಲ ಮೇಲಿನ ಟವೆಲ್ ನನ್ನ ಕೈಯಲ್ಲಿತ್ತು, ನಾನು ಅದನ್ನು ಕೊಡವುತ್ತಿದ್ದೆ.

ಬೆವರು ಒರೆಸಿಕೊಳ್ಳುತ್ತಿದ್ದೇನೆ ಎಂದೆ. ಅವಳು ಸ್ವೆಟರ್ ಹಾಕಿಕೊಂಡಿದ್ದಳು.