ಅಜ್ಜನ ಬಂಗುಡೆ ಮತ್ತು ಸರಕಾರದ ಮಿತಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವರನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಕಷ್ಟ ಎಂದು ಅಮ್ಮ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ತನ್ನ ಮಾತಿಗೆ ಸಾಕ್ಷಿ ಎನ್ನುತ್ತಾಳೆ, ಅದನ್ನೂ ಒಪ್ಪುವುದಿಲ್ಲ. ದೇವರು, ಜಾತಕ, ‘ಅಪ್ಪಟ’ ಎಂದು ಬರೆದ ತುಪ್ಪದ ಡಬ್ಬಿ, ‘ಈಗ ಬರುತ್ತದೆ’ ಎಂದು ಸ್ಟೇಷನ್ನಿನಲ್ಲಿ ಕೂಗಿ ಹೇಳುವ ಲೋಕಲ್ ರೈಲು, ಯಾವುದನ್ನೂ ನಾನು ಪುರಾವೆಯಿಲ್ಲದೆ ನಂಬಿದವಳಲ್ಲ. ಅಂಥವಳು ಕೆಥೊಲಿಕ್ ಧರ್ಮಸಭೆಯ ಒಂದು ತತ್ತ್ವವನ್ನು ಕೈಯಲ್ಲಿ ಹಿಡಿದು ಸ್ವಂತ ಅಮ್ಮನ ಮೇಲೆ ಯುದ್ಧಕ್ಕೆ ನಿಂತೆ. ಕಾರಣ, ತಲೆಯಿಲ್ಲದ ಮೀನು.

ನಮ್ಮದು ಮರಾಠಿ ನಾಡಿನಲ್ಲಿ, ಶಹಾಡ್ ಲೋಕಲ್ ಸ್ಟೇಷನ್ನಿನ ಆಚೆ, ಗಲ್ಲಿಯೊಳಗಿನ ಬಿಲ್ಡಿಂಗು. ಅಪ್ಪ ದಿನವಿಡೀ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂರುವವರಾದ್ದರಿಂದ ಮನೆಯಲ್ಲಿ ಕೇಂದ್ರ, ರಾಜ್ಯ, ಪಂಚಾಯಿತಿ ಮೂರೂ ಅಮ್ಮನೇ. ಅಪ್ಪನ ಅಪ್ಪ, ಅಂದರೆ ನಮ್ಮ ಅಜ್ಜ, ಈ ಸರಕಾರದ ಅತ್ಯಂತ ವಿಧೇಯ ಪ್ರಜೆ. ಅವರಿಗಿದ್ದ ಸ್ವಾತಂತ್ರ್ಯ ಒಂದೇ: ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಒಬ್ಬರೇ ಮೀನು ಮಾರ್ಕೆಟ್ಟಿಗೆ ಹೋಗುವುದು, ಬಂಗುಡೆಯ ಕಿವಿರು ಎತ್ತಿ ತಾಜಾ ಕೆಂಪು ಇದೆಯೇ ಎಂದು ನೋಡಿ, ಕಣ್ಣಿಗೆ ಕಣ್ಣಿಟ್ಟು, ಮೀನಿನವಳೊಡನೆ ಮನಸಾರೆ ಜಗಳಾಡಿ ತರುವುದು. ಕಳೆದ ಮಳೆಗಾಲದಲ್ಲಿ ಗಲ್ಲಿಯ ತುದಿಯ ಚರಂಡಿಯ ಚಪ್ಪಡಿ ಮುರಿದು, ಆ ಬಾಯಿಗೆ ಅಜ್ಜನ ಕಾಲು ಸಿಕ್ಕಿತು. ಪಾದ ಉಳುಕಿತು. ಅಮ್ಮ ತುರ್ತುಪರಿಸ್ಥಿತಿ ಸಾರಿದಳು. ಮೀನು ಫೋನಿನಲ್ಲಿ ಬರತೊಡಗಿತು: ಪ್ಲಾಸ್ಟಿಕ್ ಡಬ್ಬಿ, ತಲೆ ತೆಗೆದದ್ದು, ತೊಳೆದದ್ದು. ಪಾದ ಗುಣವಾಯಿತು, ತುರ್ತುಪರಿಸ್ಥಿತಿ ಮಾತ್ರ ಮುಂದುವರಿಯಿತು. ಅಜ್ಜ ಡಬ್ಬಿಯೊಳಗೆ ಇಣುಕಿ, “ಇದು ಯಾರು ಅಂತ ಗೊತ್ತಿಲ್ಲದೆ ಹೇಗೆ ತಿನ್ನುವುದು?” ಎಂದು ತಟ್ಟೆ ಸರಿಸಿದರು. ಆಮೇಲೆ ಭಾನುವಾರ ಬಂದರೂ ಅಂಗಿ ಬದಲಿಸುವುದನ್ನು ಬಿಟ್ಟರು. ನನಗೆ ಹೆದರಿಕೆಯಾದದ್ದು ಅದಕ್ಕೆ.

ಪಕ್ಕದ ಮನೆಯ ಜೋವಿಟಾ ಬಾಯಿ ಮಂಗಳೂರಿನವರು, ನಿವೃತ್ತ ನರ್ಸು. ತಮ್ಮ ಚರ್ಚಿನ ಹಿರಿಯರ ಗುಂಪಿನಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆ ಕಲಿಸುತ್ತಾರೆ. ಪಾಠವನ್ನು ಮೊದಲು ನನ್ನ ಮೇಲೆ ಪ್ರಯೋಗಿಸುವುದು ಅವರ ರೂಢಿ. “ಅಲ್ಲಿ ಎಲ್ಲ ತಲೆ ಆಡಿಸ್ತಾರೆ ಮಗಾ. ನಿನ್ನ ಹತ್ತಿರ ಪೆಟ್ಟು ತಿಂದರೆ ಪಾಠ ಗಟ್ಟಿಯಾಗ್ತದೆ.”

ಆ ದಿನದ ಪಾಠ ಸರಕಾರದ ಕೆಲಸವೇನು ಎಂಬುದು. “ಒಬ್ಬ ಮನುಷ್ಯನಿಂದ ಆಗುವುದನ್ನು ಮನೆಯವರು ಕಸಿಯಬಾರದು. ಮನೆಯಿಂದ, ಊರಿನಿಂದ ಆಗುವುದನ್ನು ಸರಕಾರ ಕಸಿಯಬಾರದು. ಸಬ್ಸಿಡಿಯಾರಿಟಿ ಅಂತ ಹೆಸರು. ಕಸಿದರೆ ಮನುಷ್ಯನ ಘನತೆಯೇ ಹೋಗ್ತದೆ.”

“ರೋಮಿನಲ್ಲಿ ಕೂತು ಇಡೀ ಲೋಕಕ್ಕೆ ಅಪ್ಪಣೆ ಕೊಡಿಸುವವರು ಇದನ್ನು ಹೇಳುವುದಾ, ಬಾಯಿ?”

“ಅದಕ್ಕೇ ಬರೆದಿಟ್ಟದ್ದು. ಕುಡಿಯದವನ ಮನೆಯಲ್ಲಿ ‘ಕುಡೀಬೇಡ’ ಅಂತ ಬೋರ್ಡು ಯಾಕೆ?”

ಉಳಿದದ್ದನ್ನು ಕೇಳಲು ನಾನು ನಿಲ್ಲಲಿಲ್ಲ. ಅಸ್ತ್ರ ಸಿಕ್ಕಿದವರು ಬಳಸುವ ವಿಧಾನವನ್ನು ಪೂರ್ತಿ ಓದುತ್ತಾರೆಯೇ? ರಾತ್ರಿ ಊಟಕ್ಕೆ ಕೂತಾಗ ಅಜ್ಜನ ಪರ ವಕಾಲತ್ತು ಶುರು ಮಾಡಿದೆ. ಮನುಷ್ಯ, ಘನತೆ, ಕೇಂದ್ರೀಕರಣದ ಅಪಾಯ. ಅಮ್ಮ ಸಾರು ಬಡಿಸುತ್ತ ಎಲ್ಲ ಕೇಳಿ, “ಅಜ್ಜನಿಗೆ ಮೀನು ತರ್ಲಿಕ್ಕೆ ಬರುದಿಲ್ಲ ಅಂತ ನಾನು ಹೇಳಿದ್ನಾ? ಹೊಂಡ ಹಾರ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ್ದು. ಮೊದ್ಲು ಅದಕ್ಕೆ ಚಪ್ಪಡಿ ಹಾಕ್ಸು ಮಾರಾಯ್ತಿ, ಮತ್ತೆ ಭಾಷಣ ಬಿಡು,” ಎಂದಳು. ಅಜ್ಜ ಅನ್ನದಲ್ಲಿ ಗುಳಿ ಮಾಡುತ್ತಿದ್ದರು.

ಬೆಳಿಗ್ಗೆ ಬಾಯಿಯ ಬಾಗಿಲು ಬಡಿದು ಜಗಳಕ್ಕೆ ನಿಂತೆ. “ಸರಕಾರ ಕೈ ಹಾಕಬಾರದು ಅಂದರೆ ಬೀದಿಯ ಹೊಂಡ ಮುಚ್ಚುವುದು ಯಾರು? ನಿಮ್ಮ ತತ್ತ್ವ ಸರಕಾರಕ್ಕೆ ಮಲಗಲು ಹಾಸಿಕೊಟ್ಟ ಚಾಪೆ!”

“ಅರ್ಧ ಕೇಳಿ ಓಡಿದ್ದು ಯಾರು?” ಎಂದರು ಬಾಯಿ. “ಚಿಕ್ಕವರಿಂದ ಆಗದ್ದಕ್ಕೆ ದೊಡ್ಡವರು ಬಂದು ಹೆಗಲು ಕೊಡ್ಲೇಬೇಕು. ಅದೂ ಅದರಲ್ಲೇ ಉಂಟು. ಬೀದಿಯ ಚರಂಡಿಗೆ ನಿನ್ನ ಅಮ್ಮ ಕಾಂಕ್ರೀಟ್ ಸುರೀತಾಳಾ?”

ಆಗ ನನಗೆ ಹೊಳೆದದ್ದನ್ನು ಚರ್ಚೆಯ ಯಾವ ವೇದಿಕೆಯಲ್ಲೂ ನಾನು ಹೇಳಿರಲಿಲ್ಲ. ಮೇಲಿನವರು ತಮ್ಮ ಕೆಲಸ ಬಿಟ್ಟಾಗ ನಡುವಿನವರಿಗೆ ದಿಗಿಲಾಗುತ್ತದೆ; ದಿಗಿಲಾದವರು ಕೆಳಗಿನವರ ಕೆಲಸ ಕಿತ್ತುಕೊಳ್ಳುತ್ತಾರೆ. ಚಪ್ಪಡಿ ಇಡದವರು ನಗರಪಾಲಿಕೆಯ ವಾರ್ಡ್ ಆಫೀಸಿನವರು, ಮೀನು ಆರಿಸುವ ಹಕ್ಕು ಕಳಕೊಂಡವರು ಅಜ್ಜ. ಅಮ್ಮ ಸರ್ವಾಧಿಕಾರಿಯಲ್ಲ, ಹೆದರಿದವಳು. ಹಾಗಾದರೆ ನನ್ನ ಎದುರಾಳಿ ಬೇರೆ.

ವಾರ್ಡ್ ಆಫೀಸಿನಲ್ಲಿ, “ಮ್ಯಾಡಮ್, ವೋ ಸೊಸಾಯ್ಟಿ ಕಾ ಹೈ” ಎಂದು ಕೆಲಸವನ್ನು ನಮ್ಮ ಬಿಲ್ಡಿಂಗಿನ ಸಂಘದ ತಲೆಗೆ ಕಟ್ಟಿದರು. ನಮ್ಮ ಸೊಸಾಯ್ಟಿಯ ಸೆಕ್ರೆಟರಿ, “ಛೇ, ಅದು ಅವರದ್ದು” ಎಂದು ಅತ್ತ ತೋರಿಸಿದರು. ಎದುರಾಳಿ ಉತ್ತರ ಕೊಡುವ ತನಕ ಮೈಕು ಬಿಡಬಾರದೆಂದು ಕಲಿತವಳು ನಾನು. ಬೇಲಾಪುರದ ನನ್ನ ಆಫೀಸಿಗೆ ಹೊರಡುವ ಮುಂಚೆ ಹೋದೆ, ರಜೆ ಹಾಕಿ ಹೋದೆ, ಜೋವಿಟಾ ಬಾಯಿಯನ್ನು ಕರಕೊಂಡು ಹೋದೆ. ಕೊನೆಗೆ ಇಂಜಿನಿಯರ್ ಸಾಹೇಬರಿಗೆ, “ನೀವೇ ಒಂದ್ಸಲ ಬಂದು ದಾಟಿ ತೋರಿಸಿ, ಮತ್ತೆ ನಾನು ಬರುವುದಿಲ್ಲ,” ಎಂದೆ. ನಾನು ಮತ್ತೆ ಬರುವುದಿಲ್ಲವೆಂಬ ಆಸೆಗೇ ಇರಬೇಕು, ಬಂದರು. ಚರಂಡಿಯ ಬಳಿ ಬಾಯಿ, ಅಮ್ಮ, ಇಸ್ತ್ರಿ ಅಂಗಿಯ ಅಜ್ಜ ಸಾಲಾಗಿ ನಿಂತಿದ್ದರು. ಸಾಹೇಬರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಪ್ಯಾಂಟನ್ನು ಮಂಡಿಯ ಹತ್ತಿರ ಎತ್ತಿ ಹಾರಿದರು. ಅವರು ಆ ಕಡೆ ಹೋದರು, ಒಂದು ಶೂ ಈ ಕಡೆ ಉಳಿಯಿತು. ಅಜ್ಜ ಅದನ್ನು ಎತ್ತಿಕೊಂಡು, ಮರಾಠಿಯಲ್ಲಿ, ಬಹಳ ವಿನಯದಿಂದ ಕೇಳಿದರು: “ಸಾಹೇಬರಿಗೆ ಈಗ ವಯಸ್ಸೆಷ್ಟು?”

ಅದೇ ವಾರ ಹೊಸ ಚಪ್ಪಡಿ ಬಿತ್ತು. ಅಮ್ಮ ಅದರ ಮೇಲೆ ನಿಂತು ಕಾಲು ಕುಟ್ಟಿ ನೋಡಿ, “ಹೋಗ್ಲಿ,” ಎಂದಳು.

ಭಾನುವಾರ ಅಜ್ಜ ಅಂಗಿ ಬದಲಿಸಿ ಒಬ್ಬರೇ ಹೊರಟರು. ನಾನು ಹಾಲು ತರುವ ನೆಪ ಹೇಳಿ ಹಿಂದಿನಿಂದ ಹೊರಟೆ. ಬರೀ ನೋಡಲಿಕ್ಕೆ. ಅವರು ನಿಂತಾಗ ನಿಂತೆ, ತಿರುಗಿದಾಗ ರಿಕ್ಷಾದ ಮರೆಗೆ ಸರಿದೆ. ಮಾರ್ಕೆಟ್ಟಿನಲ್ಲಿ ಅವರು ಕಿವಿರು ಎತ್ತಿದರು, ಮೂಗು ಮುರಿದರು, ಮೀನಿನವಳ ಜೊತೆ ಆರು ತಿಂಗಳ ಬಾಕಿ ಜಗಳವನ್ನೆಲ್ಲ ಆಡಿದರು. ಕೊನೆಗೆ ಆರಿಸಿಕೊಂಡ ಬಂಗುಡೆಯ ಕಣ್ಣು ನಾನು ನಿಂತಲ್ಲಿಂದ ಸ್ವಲ್ಪ ಮಂಕಾಗಿ ಕಂಡಿತು.

“ಅಜ್ಜಾ, ಅದು ಬೇಡ!”

ಇಡೀ ಸಾಲು ತಿರುಗಿ ನೋಡಿತು. ಅಜ್ಜ ಮಾತ್ರ ತಿರುಗಲಿಲ್ಲ. ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ ನನ್ನ ಕಡೆಗೆ ಹಿಡಿದರು. ಕೆಂಪಗೆ, ದಾಸವಾಳದ ಹಾಗಿತ್ತು.

“ಬಾಬಾ, ಹೀ ಕೋಣ?” ಇವಳು ಯಾರೆಂದು ಮೀನಿನವಳು ಕೇಳಿದಳು.

“ಸರಕಾರ,” ಎಂದರು ಅಜ್ಜ, ತುಂಬಿದ ಚೀಲವನ್ನು ನನ್ನ ಕೈಗೆ ತುರುಕುತ್ತ. “ಭಾರ ಹೊರ್ಲಿಕ್ಕೆ ಬಂದದ್ದು.”

ಪ್ರತಿವಾದಕ್ಕೆ ಬಾಯಿ ತೆರೆದೆ. ಚೀಲ ನಿಜಕ್ಕೂ ಭಾರವಿತ್ತು. ಮುಚ್ಚಿಕೊಂಡೆ.