ನಿರ್ಬಂಧವಿಲ್ಲದ ಗೋಲು

ಸ್ಟ್ರೈಕರನ ಕೆಲಸ ಗೋಲು ಹೊಡೆಯುವುದು ಎಂಬ ಬಗ್ಗೆ ಲೀಗ್ ಮಂಡಳಿಗೆ ಯಾವತ್ತೂ ತಕರಾರಿರಲಿಲ್ಲ. ಯಾರ ವಿರುದ್ಧ ಎಂಬುದಷ್ಟೇ ಪರಿಶೀಲನೆಯಲ್ಲಿತ್ತು.

ಈ ಸ್ಟ್ರೈಕರ್ ಮೊದಲು ಬಂದರು ಕ್ಲಬ್ಬಿನಲ್ಲಿದ್ದ. ಚೆನ್ನಾಗಿ ಆಡಿದ, ಆದ್ದರಿಂದ ಮಾರಿದರು. ಮಾರುವಾಗ ಕರಾರಿಗೆ ಒಂದು ಸಾಲು ಸೇರಿಸಿದರು: 'ಸದರಿ ಆಟಗಾರನು ಮುಂದೆ ಈ ಕ್ಲಬ್ಬಿನ ವಿರುದ್ಧ ಗೋಲು ಗಳಿಸತಕ್ಕದ್ದಲ್ಲ.' ಕೊಂಡ ರೈಲ್ವೆ ಕ್ಲಬ್ಬಿಗೆ ಆ ಸಾಲು ಬಹಳ ಹಿಡಿಸಿತು. ಸಕ್ಕರೆ ಕಾರ್ಖಾನೆಗೆ ಮಾರುವಾಗ ತಾವೂ ಸೇರಿಸಿದರು. ಕಾರ್ಖಾನೆಯವರು ವಿದ್ಯುತ್ ಕ್ಲಬ್ಬಿಗೆ ಮಾರುವಾಗ ಕೇಳಬೇಕೆ! ಲೀಗಿನಲ್ಲಿದ್ದದ್ದೇ ನಾಲ್ಕು ಕ್ಲಬ್ಬು. ಎದುರಾಳಿ ಗೋಲಿನ ಮುಂದೆ ಚೆಂಡು ಸಿಕ್ಕರೆ ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ. ಪತ್ರಿಕೆಗಳು ಇದನ್ನು ನಿಸ್ವಾರ್ಥ ಆಟವೆಂದು ಹೊಗಳಿದವು. ಅವನ ಬೆಲೆ ಏರಿತು.

ಮಂಡಿ ಸವೆದು ಅವನ ಕೊನೆಯ ಪಂದ್ಯ ಬಂತು, ಬಂದರು ಕ್ಲಬ್ಬಿನ ವಿರುದ್ಧ. ಅಮ್ಮ ಮೊದಲ ಸಲ ಮೈದಾನಕ್ಕೆ ಹೊರಟಳು.

"ಇವತ್ತಾದ್ರೂ ಒಂದು ಗೋಲು ಹೊಡಿಯೋ. ನಿಮ್ಮ ಮಗ ಅಲ್ಲಿ ನೀರು ಕೊಡೋ ಕೆಲಸಾನಾ ಅಂತ ಪಕ್ಕದ್ಮನೆಯವಳು ಕೇಳ್ತಾಳೆ."

ಅವನು ಮ್ಯಾನೇಜರರ ಕೋಣೆಗೆ ಹೋಗಿ ನಿಂತ. "ಸರ್, ಒಂದೇ ಒಂದು. ಅಮ್ಮ ಬಂದಿರ್ತಾಳೆ."

"ಯಾರಪ್ಪ ಬೇಡ ಅಂದೋರು? ಪಂದ್ಯ ಸೋತ್ರೆ ಸೋತ್ವಿ, ಕರಾರು ಮುರಿದ್ರೆ ದಂಡ ಕಟ್ಟೋರ್ಯಾರು? ನಿನ್ನನ್ನ ಮಾರಿದೋರ ಮೇಲೆ ಹೊಡಿಯೋ ಹಾಗಿಲ್ಲ, ಅಷ್ಟೇ. ನಾವಿನ್ನೂ ಮಾರಿಲ್ವಲ್ಲ."

ದ್ವಿತೀಯಾರ್ಧದಲ್ಲಿ ಚೆಂಡು ಸಿಕ್ಕಿತು. ಸ್ಟ್ರೈಕರ್ ಹಿಂದಕ್ಕೆ ತಿರುಗಿ ಓಡಿದ. ಕರಾರು ತಿಳಿದಿದ್ದ ಸಂಗಡಿಗರು ಮರ್ಯಾದೆಯಿಂದ ದಾರಿ ಬಿಟ್ಟರು. ಅವರದೇ ಗೋಲ್‌ಕೀಪರ್ ಮೆಲ್ಲಗೆ ಕೇಳಿದ, "ಅಣ್ಣಾ, ಯಾವ ಕಡೆಗೆ?"

"ಬಲಕ್ಕೆ. ಅಮ್ಮ ಆ ಕಡೆ ಕೂತಿದ್ದಾಳೆ."

ಗೋಲ್‌ಕೀಪರ್ ಎಡಕ್ಕೆ ಹಾರಿದ. ಬಲೆ ಅಲುಗಿತು. ನಿಯಮದ ಪ್ರಕಾರ ಎಲ್ಲವೂ ಸರಿಯಿದ್ದುದರಿಂದ ರೆಫರಿ ಸೀಟಿ ಊದಿದ. ಬಂದರು ಕ್ಲಬ್ಬಿನ ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿ, ತಾವು ಬೆಳೆಸಿದ ಹುಡುಗ ಋಣ ಮರೆತಿಲ್ಲ ಎಂದರು.

ಅಮ್ಮ ಕಂಬಿಯವರೆಗೂ ಬಂದು ಕೂಗಿದಳು. "ನೋಡಿದ್ರಾ? ನನ್ನ ಮಗ! ಇನ್ನೊಂದು ಹೊಡಿಯೋ!"

ಮ್ಯಾನೇಜರ್ ಗಡಿಯಾರ ನೋಡಿಕೊಂಡರು.

"ಹೊಡೀತಾನೆ ಇರಿ ಅಮ್ಮ, ಇನ್ನೂ ಟೈಮಿದೆ."